ಗಂಗಣ್ಣನ ಬೋರಿನ ನೀರು

"ಮಾವ, ನೀನ್ ಬುಡು. ಸೊಂಟ ಹಿಡ್ಕಂಡಾತು."

ಮುಂದೆ ಮಡಕೆ ಹಿಡಿದು ನಿಂತಿದ್ದ ಕೆಂಪಕ್ಕನ ಮಗ ಜಯರಾಮು ತಿರುಗಿ ನೋಡಿ ಹೇಳಿದ. ಗಂಗಣ್ಣ ಅಷ್ಟರಲ್ಲೇ ಚಟ್ಟದ ಬಿದಿರಿಗೆ ಹೆಗಲು ಕೊಟ್ಟಾಗಿತ್ತು.

"ನಮ್ಮಕ್ಕ ಕಣ್ಲಾ ಅವ್ಳು. ನಾನ್ ಹೊರ್ದೆ ಇನ್ಯಾರ್ ಹೊರ್ಬೇಕು?"

"ಎರಡು ವರ್ಸದಿಂದ ಅಕ್ಕನ್ ಮಕ ನೋಡಿರ್ನಿಲ್ಲ, ಈಗ ಹೆಗಲು ಕೊಡ್ತಾನೆ," ಎಂದು ಹಿಂದಿನಿಂದ ಯಾರೋ ಹೆಂಗಸು ಪಿಸುಗುಟ್ಟಿದ್ದು ಅವನಿಗೆ ಕೇಳಿಸಿತು. ಅವನು ತಿರುಗಲಿಲ್ಲ. ಕೆಂಪಕ್ಕ ಜ್ವರ ಬಂದು ಮಲಗಿದಾಗಲೂ ಅವನು ಹೋಗಿರಲಿಲ್ಲ. ಇವತ್ತು ಬೆಳಿಗ್ಗೆ ಅಳು ಕೇಳಿಸಿದ ಮೇಲೆಯೇ ಎದ್ದು ಬಂದಿದ್ದ.

* * *

ಈ ಊರಿನಲ್ಲಿ ನಲವತ್ತಕ್ಕೇ ಮಂಡಿ ಮಡಚಲಾಗದವರು, ಹಲ್ಲು ಹಳದಿಗಟ್ಟಿದ ಮಕ್ಕಳು ಯಾಕಿಷ್ಟು ಜನ ಎಂದು ಕೇಳಿಕೊಂಡು ಎರಡು ವರ್ಷದ ಹಿಂದೆ ತುಮಕೂರಿನಿಂದ ಶ್ರುತಿ ಎಂಬ ಡಾಕ್ಟರು ಬಂದಿದ್ದಳು. "ನಾನೊಬ್ಬಳೇ ನೋಡಿದರೆ ಆಗಲ್ಲ, ನೀವೂ ಸೇರಬೇಕು," ಎಂದು ಶಾಲೆಯ ಅಂಗಳದಲ್ಲಿ ಜನರನ್ನು ಕೂರಿಸಿದಳು. ಯಾರೂ ಮುಂದೆ ಬರಲಿಲ್ಲ. ದೊಡ್ಡೇರಿ ದಾರಿಯಲ್ಲಿ ಕುರಿ ಹೊಡೆದುಕೊಂಡು ಹೋಗುತ್ತಿದ್ದ ಕೆಂಪಕ್ಕ ಬಂದು ಕೂತಳು.

"ನನ್ ಮಂಡಿ ಯಾಕ್ ಇಂಗಾತು ಅಂತ ನಂಗೂ ಗೊತ್ತಾಗ್ಬೇಕು ಕಣಮ್ಮ."

ಮರುದಿನದಿಂದ ಕೆಂಪಕ್ಕನೇ ಮನೆಮನೆಗೂ ಹೋಗಿ ಪರೀಕ್ಷೆಗೆಂದು ಬಾಟಲಿಗೆ ನೀರು ತುಂಬಿಸಿದಳು. ಯಾವ ಮಗು ಸಿಕ್ಕರೂ "ಲೇ, ಈ ಅನ್ನು, ಹಲ್ಲು ತೋರ್ಸು," ಎನ್ನುವಳು. ಆಮೇಲಾಮೇಲೆ ಅವಳನ್ನು ಕಂಡರೆ ಮಕ್ಕಳು ದೂರದಿಂದಲೇ ಹಲ್ಲು ಕಿರಿಯುತ್ತಿದ್ದವು.

ಮೂಳೆ, ಹಲ್ಲು ಕೆಡಿಸುವ ಫ್ಲೋರೈಡು ಎಲ್ಲಕ್ಕಿಂತ ಹೆಚ್ಚಾಗಿ ಸಿಕ್ಕಿದ್ದು ಗಂಗಣ್ಣನ ಬೋರಿನಲ್ಲಿ. ಊರ ಕೈಪಂಪು ಒಣಗಿದಾಗ ಅವನು ಹೊಲದಿಂದ ಪೈಪು ಎಳೆದು, ಮನೆಯ ಗೋಡೆಯ ಹೊರಗೆ ನಲ್ಲಿ ಹಾಕಿಸಿ, ಬಂದವರಿಗೆಲ್ಲ ನೀರು ಬಿಟ್ಟಿದ್ದ. ಊರಿನವರು ಅವನ ಹೆಸರು ಹೇಳಿ ಕುಡಿಯುತ್ತಿದ್ದರು. ಫಲಿತಾಂಶ ಬಂದ ಸಂಜೆ ಅವನು ಅಕ್ಕನ ಮನೆಗೆ ಬಂದ.

"ಇನ್ನೊಂದ್ಸಲ ಟೆಸ್ಟ್ ಮಾಡ್ತಾರಂತೆ. ಕೆರೆ ತಾವ್ಲ ಬಾವಿ ನೀರು ತುಂಬ್ಕೊಡಕ್ಕ. ಯಾರಿಗ್ ಗೊತ್ತಾಗ್ತದೆ?"

"ನಂಗ್ ಗೊತ್ತಾಗಲ್ವಾ?"

"ಊರೆಲ್ಲ ಕುಡಿದೈತೆ. ನಾನೇ ವಿಷ ಹಾಕ್ದಂಗೆ ಆಗ್ತದೆ."

"ಅದು ಭೂಮಿಯೊಳಗಿಂದು. ನಿಂಗೇನ್ ಗೊತ್ತಿತ್ತಾ? ಗೊತ್ತಾದ್ ಮೇಲೂ ಕುಡ್ಸಿದ್ರೆ ಹಾಕ್ದಂಗೇ ಕಣೋ."

ಬೆಳಗಾಗುತ್ತಲೇ ಕೆಂಪಕ್ಕ ಎಲ್ಲರೆದುರಿಗೆ ಅವನ ನಲ್ಲಿಯಲ್ಲೇ ಬಾಟಲಿ ತುಂಬಿದಳು. ಈ ಸಲವೂ ಫಲಿತಾಂಶ ಅದೇ. ಆಮೇಲೆ ಹೆಂಗಸರನ್ನು ಕಟ್ಟಿಕೊಂಡು ಪಂಚಾಯ್ತಿ ಬಾಗಿಲಲ್ಲಿ ಕೂತು, ಶಾಲೆಯ ಪಕ್ಕ ಶುದ್ಧ ನೀರಿನ ಘಟಕ ಹಾಕಿಸಿದಳು. ಗಂಗಣ್ಣನ ಹೆಂಡತಿ ವನಜಾ ಕೂಡ ಅಲ್ಲಿಂದಲೇ ಕ್ಯಾನು ತುಂಬಿ ತರತೊಡಗಿದಳು. ಗಂಗಣ್ಣ ಮಾತ್ರ ಅದನ್ನು ಮುಟ್ಟಲಿಲ್ಲ. ಚೊಂಬು ಹಿಡಿದು ತನ್ನ ನಲ್ಲಿಗೇ ಹೋಗುತ್ತಿದ್ದ.

* * *

ಕೆಂಪಕ್ಕನನ್ನು ಗುಂಡಿಗೆ ಇಳಿಸಿದ ಮೇಲೆ ಎಲ್ಲರೂ ಹಿಡಿಮಣ್ಣು ಹಾಕಿದರು. ಗಂಗಣ್ಣ ಬಗ್ಗಿದ. ಬೆನ್ನು ಅರ್ಧಕ್ಕೇ ನಿಂತುಬಿಟ್ಟಿತು. ಮಂಡಿ ಮಡಚಿ ಕೂರೋಣವೆಂದರೆ ಅದೂ ಆಗಲಿಲ್ಲ. ಕೈ ಮಣ್ಣಿಗೆ ಎಟುಕದೆ ಹಾಗೇ ತೂಗುತ್ತಿತ್ತು. ಜಯರಾಮು ಒಂದು ಹಿಡಿ ಮಣ್ಣೆತ್ತಿ ಅವನ ಅಂಗೈಗೆ ಹಾಕಿದ.

"ಅವ್ವ ನಿನ್ನೆ ನಿನ್ ವಿಸ್ಯಾನೇ ಕೇಳ್ತಿದ್ಲು ಮಾವ. ಇನ್ನೂ ಆ ನೀರೇ ಕುಡೀತಾನಾ ಅಂತ."

"ನೀನೇನಂದೆ?"

"ಹೂಂ ಅಂದೆ. ಆಕಡೆ ತಿರೀಕ್ಕಂಡು ಮಲೀಕ್ಕಂಡ್ಲು."

ಗಂಗಣ್ಣ ಮುಷ್ಟಿ ಸಡಿಲಿಸಿದ. ಮಣ್ಣು ಬಿತ್ತು.

ವಾಪಸು ಬರುವ ದಾರಿಯಲ್ಲಿ ಮೊದಲು ಸಿಗುವುದು ಅವನ ಮನೆಯೇ. ಜನ ಗೋಡೆಯ ಹೊರಗಿನ ನಲ್ಲಿಯಲ್ಲಿ ಕಾಲು ತೊಳೆಯತೊಡಗಿದರು. ವೈ.ಎನ್. ಹೊಸಕೋಟೆಯಿಂದ ಬಂದಿದ್ದ ಕೆಂಪಕ್ಕನ ನಾದಿನಿ ವರಲಕ್ಷ್ಮಿಗೆ ಅತ್ತೂ ಅತ್ತೂ ಗಂಟಲು ಒಣಗಿತ್ತು. ಕಾಲು ತೊಳೆದವಳು ಬೊಗಸೆಯೊಡ್ಡಿ, "ನೀಳ್ಳು ಸಲ್ಲಗುನ್ನಾಯಿ," ಎಂದು ತೆಲುಗಿನಲ್ಲಿ ನೀರಿನ ತಂಪನ್ನು ಹೊಗಳುತ್ತ ಬಾಯಿಗೆ ತಂದಳು.

ಗಂಗಣ್ಣ ಜನರನ್ನು ಸರಿಸಿಕೊಂಡು ಬಂದು ಅವಳ ಬೊಗಸೆಯನ್ನು ತಟ್ಟಿಬಿಟ್ಟ.

"ಕುಡೀಬ್ಯಾಡಮ್ಮ! ವನಜಾ, ಒಳಗಿನ ಕ್ಯಾನ್ ತಗಂಬಾ!"

ಒದ್ದೆ ಕಾಲಿನಲ್ಲಿ ಎಲ್ಲರೂ ನಿಂತಲ್ಲೇ ನೋಡುತ್ತಿದ್ದರು. ಗಂಗಣ್ಣ ನಲ್ಲಿಯ ಬಾಯಿಗೆ ಅಂಗೈ ಒತ್ತಿ ಹಿಡಿದಿದ್ದ. ನೀರು ಬೆರಳ ಸಂದಿಯಿಂದ ಚಿಮ್ಮಿ ಅವನ ಮುಖ, ಅಂಗಿ, ಪಂಚೆಯನ್ನೆಲ್ಲ ತೋಯಿಸುತ್ತಿತ್ತು.