ಉಸಿರು ಹಿಡೀರಿ

ನನ್ನ ಬಾಯಿ ದೊಡ್ಡದು. ಗಂಗಾವತಿಯ ನಮ್ಮ ಓಣಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ, ಪಂಪಮ್ಮ ಬಾಯಿ ತೆಗೆದರೆ ಹಿಂದಿನ ಓಣಿಗೂ ಕೇಳುತ್ತದೆ ಅಂತ. ನಾನೇನು ಮಾಡಲಿ? ನನ್ನ ಗಂಡ ಅಕ್ಕಿ ಗಿರಣಿಯಲ್ಲಿ ದುಡಿದು ದುಡಿದು ಕಿವಿ ಮಂದ ಮಾಡಿಕೊಂಡಿದ್ದಾರೆ. ಮೆಲ್ಲಗೆ ಉಪ್ಪು ಅಂದರೆ ಸೊಪ್ಪು ತರುತ್ತಾರೆ.

ಈಗ ಅವರ ಲಿವರಿನಲ್ಲಿ ಕ್ಯಾನ್ಸರ್ ಗಡ್ಡೆ. ಆಪರೇಷನ್ ಮಾಡುವ ಡಾಕ್ಟರು ಖಡಕ್ಕಾಗಿ ಹೇಳಿದ್ದರು: "ಗಡ್ಡಿ ಒಂದ ಇದ್ರ ತಗದುಬಿಡ್ತೀನಿ. ಎರಡೂ ಕಡಿ ಹಬ್ಬಿದ್ರ ಚಾಕು ಹಚ್ಚಂಗಿಲ್ಲ. ಮೊದ್ಲ ಎಂಆರ್‌ಐ ಮಾಡಸ್ರಿ." ಅದಕ್ಕೇ ಕೊಪ್ಪಳಕ್ಕೆ ಬಂದಿದ್ದೆವು. ಒಂದೇ ಇರಲಿ ತಾಯಿ, ಒಂದೇ ಇರಲಿ ಎಂದು ಬಸ್ಸಿನುದ್ದಕ್ಕೂ ಹುಲಿಗೆಮ್ಮನಿಗೆ ಕೈಮುಗಿದಿದ್ದೆ.

ಅವರನ್ನು ಯಂತ್ರದೊಳಗೆ ಮಲಗಿಸಿದರು. ಉಸಿರು ಹಿಡಿದಾಗಲೇ ಚಿತ್ರ ತೆಗೆಯಬೇಕಂತೆ, ಹೊಟ್ಟೆ ಅಲುಗಿದರೆ ಎಲ್ಲ ಮಸುಕಂತೆ. ಯಂತ್ರ ಹೇಳಿದ್ದು ಇವರಿಗೆ ಕೇಳಬೇಕಲ್ಲ! ಸ್ಕ್ಯಾನಿಂಗ್ ಡಾಕ್ಟರಮ್ಮ ಅತೀಯಾ ಹೊರಗೆ ಬಂದು ತಲೆ ಚಚ್ಚಿಕೊಂಡರು. "ಬಲಗಡಿ ದೊಡ್ಡ ಗಡ್ಡಿ ಬಿಟ್ರ ಏನೂ ಚೊಕ್ಕ ಕಾಣವಲ್ದು ನೋಡ್ರಿ."

"ನನ್ನ ದನಿ ಕೇಳ್ತಾರ್ರಿ," ಅಂದೆ.

ಗಾಜಿನ ಈಚೆ, ಮೈಕಿನ ಮುಂದೆ ನನ್ನನ್ನು ಕೂರಿಸಿದರು. "ನಾ ಕೈ ಎತ್ತಿದಾಗ ಉಸಿರು ಹಿಡೀರಿ ಅನ್ರಿ. ಆಮ್ಯಾಲ ಉಸಿರು ಬಿಡ್ರಿ ಅನ್ರಿ."

"ಬಿಡ್ತು ಅನ್ರಿ ಡಾಕ್ಟರಮ್ಮ! ಗಂಡಗ ಉಸಿರು ಬಿಡು ಅಂತ ನನ್ನ ಬಾಯಿಲೆ ಅನ್ನಸ್ತೀರೇನು?"

ಅವರು ನಕ್ಕರು. "ಆತು, ಸಾಕು ಅನ್ರಿ. ನಡೀತೈತಿ."

"ಸಹನಾನ ಅಪ್ಪಾ, ಉಸಿರು ಹಿಡೀರಿ!" ಒದರಿದೆ. ಅವರ ಹೊಟ್ಟೆಯ ಏರಿಳಿತ ಗಪ್ಪನೆ ನಿಂತಿತು. "ಸಾಕ್ರಿ!" ಅಂದೆ, ಬಿಟ್ಟರು. ಮತ್ತೆ ಹಿಡಿದರು, ಮತ್ತೆ ಬಿಟ್ಟರು. ಇಷ್ಟು ವರ್ಷ ಒದರಿದ್ದು ಇವತ್ತಾದರೂ ಉಪಯೋಗಕ್ಕೆ ಬಂತಲ್ಲ ಅಂತ ಎಂಥಾ ಹಿಗ್ಗು ನನಗೆ!

"ಭಾಳ ಛಲೋ ಬರಾಕತ್ತಾವು. ಇನ್ನೊಂದ ಸಲ ಒದರಿಬಿಡ್ರಿ."

ಒದರಿದೆ. ಅವರು ಹಿಡಿದರು.

ಡಾಕ್ಟರಮ್ಮ ಪರದೆಯ ಹತ್ತಿರ ಬಾಗಿದರು. ಅವರ ಬೆರಳು ಬಲಗಡೆಯ ಗಡ್ಡೆ ದಾಟಿ ಎಡಗಡೆಗೆ ಹೋಯಿತು. ಅಲ್ಲೊಂದು ಚುಕ್ಕೆ. ಅದರ ಕೆಳಗೆ ಇನ್ನೊಂದು.

"ಅವೂ ಗಡ್ಡೀನ ಏನ್ರಿ?"

"ಹಂಗ ಕಾಣಸ್ತಾವವ್ವಾ."

"ಮತ್ತ ಆಪರೇಷನ್ನು?"

ಅವರು ನನ್ನ ಭುಜ ಹಿಡಿದರು.

ಹಾಳು ಬಾಯಿ, ಸುಟ್ಟ ಬಾಯಿ ನನ್ನದು! ನಾನು ಒದರದಿದ್ದರೆ ಎಲ್ಲ ಮಸುಕಾಗಿಯೇ ಇರುತ್ತಿತ್ತು. ಡಾಕ್ಟರು ಕೊಯ್ದಾದರೂ ನೋಡುತ್ತಿದ್ದರು.

"ಸಾಕು ಅನ್ರಿ ಪಂಪಮ್ಮ, ಅವರು ಇನ್ನೂ ಹಿಡಕೊಂಡ ಅದಾರ."

ಸಾಕು ಅನ್ನಲು ಬಾಯಿ ಬರಲಿಲ್ಲ. ಇವರ ಜೊತೆ ಬಾಳಿದ್ದು ಸಾಕಾಗಿತ್ತೇ ನನಗೆ? ಮೈಕನ್ನು ಎರಡೂ ಕೈಯಲ್ಲಿ ಹಿಡಿದು ಒದರಿದೆ:

"ಬಿಡಬ್ಯಾಡ್ರಿ! ಸಹನಾನ ಅಪ್ಪಾ, ಉಸಿರು ಬಿಡಬ್ಯಾಡ್ರಿ!"

ನನ್ನ ಮಾತು ಎಂದೂ ಮೀರದ ಮನುಷ್ಯ. ಡಾಕ್ಟರಮ್ಮ ಮೈಕು ಕಿತ್ತುಕೊಂಡು ಎಷ್ಟು ಕೂಗಿದರೂ ಅವರಿಗೆ ಕೇಳಲಿಲ್ಲ. ಹಿಡಿದುಕೊಂಡೇ ಇದ್ದರು.