ಮೂವತ್ತರ ಮೇಲೆ ಹೋಗಬೇಡ

ನನ್ನ ಮಗ ಲ್ಯಾಂಟಿ ನನ್ನ ಮನೆಯ ಊಟದ ಮೇಜಿನ ಮೇಲೆ ಒಂದು ಹೆಲ್ಮೆಟ್ ತಂದು ಕುಕ್ಕಿದ. ಅದರ ಎಡಪಕ್ಕ ಸೀಳಿಹೋಗಿತ್ತು. ಭಾನುವಾರದ ಮಧ್ಯಾಹ್ನ. ಕುರಿಮಾಂಸ, ಆಲೂಗಡ್ಡೆ ಬೇಯಿಸಿದ ಪಾತ್ರೆ ಇನ್ನೂ ಹಬೆಯಾಡುತ್ತಿತ್ತು.

"ಬೆಳಿಗ್ಗೆ ಹಾರ್ಡ್‌ನಾಟ್ ತಿರುವಲ್ಲಿ ಎತ್ಕೊಂಡು ಬಂದ ಬೈಕಿಂದು," ಅಂದ. "ಹಾಕಿ ನೋಡು. ನಿನ್ನ ಅಳತೇನೇ ಇದೆ."

ಮಾತು ಅವನ ಮಗಳು ಥರ್ಜಾಳಿಗೆ. ಅವಳಿಗೆ ಹತ್ತೊಂಬತ್ತು ತುಂಬಿ ಒಂದು ವಾರವಾಗಿತ್ತು. ಅವಳು ಹೆಲ್ಮೆಟ್ ಕಡೆ ನೋಡಿದಳು, ಅಪ್ಪನ ಕಡೆ ನೋಡಲಿಲ್ಲ.

"ಇದನ್ನ ಹಾಕ್ಕೊಂಡಿದ್ದೋನು ಬದುಕಿದ್ದಾನಾ?"

"ಬದುಕಿದ್ದಾನೆ."

"ಅಂದ್ರೆ ಹೆಲ್ಮೆಟ್ ತನ್ನ ಕೆಲಸ ಮಾಡಿದೆ. ಆ ಕೋಸಿನ ಉಪ್ಪಿನಕಾಯಿ ಈ ಕಡೆ ತಳ್ಳು."

ಲ್ಯಾಂಟಿ ಓಡಿಸುವುದು ಕೆಟ್ಟ ಗಾಡಿ ಎಳೆಯುವ ಲಾರಿ. ಬೇಸಿಗೆಯ ಭಾನುವಾರಗಳಲ್ಲಿ ಹಾರ್ಡ್‌ನಾಟ್ ಬೆಟ್ಟದ ದಾರಿಯಿಂದ ಎರಡೋ ಮೂರೋ ಬೈಕು ಹೊತ್ತು ತರುತ್ತಾನೆ. ಅವನ ಸಿಟ್ಟಿಗೆ ಕಾರಣವಿಲ್ಲ ಎಂದು ನಾನು ಹೇಳಲಾರೆ. ಆದರೆ ಸಿಟ್ಟನ್ನು ಬಿಟ್ಟು ಬೇರೆ ಏನನ್ನೂ ಬಾಯಿಗೆ ತರಲು ಅವನಿಗೆ ಗೊತ್ತಿಲ್ಲ.

ಜಗಳ ನಡೆಯುತ್ತಿದ್ದದ್ದು ನನ್ನ ಶೆಡ್ಡಿನಲ್ಲಿದ್ದ ಕಪ್ಪು ಬೈಕಿನ ಮೇಲೆ. ಆರುನೂರ ಐವತ್ತು ಸಿಸಿಯ ಹಳೇ ಬೈಕು. ಅರವತ್ತಾರನೇ ಇಸವಿಯಲ್ಲಿ ನನ್ನ ಹೆಂಡತಿ ಆ್ಯನಟ್ ಮತ್ತು ನಾನು ಸೇರಿ ತಂದದ್ದು. ಅವಳು ತೀರಿಕೊಂಡು ಆರು ವರ್ಷವಾಯಿತು. ಹೋಗುವ ಮೊದಲು ಹಾಸಿಗೆಯಲ್ಲಿ ಒರಗಿಕೊಂಡು, "ಅದನ್ನ ಓಡಿಸೋ ಲೈಸೆನ್ಸು ಈ ಮನೇಲಿ ಯಾರ ಕೈಲಿ ಇರತ್ತೋ, ಬೈಕು ಅವರ್ದು" ಎಂದಿದ್ದಳು. ಆಮೇಲೆ ನನ್ನ ಕಡೆ ತಿರುಗಿ, "ನಿಂದಂತೂ ಅಲ್ಲ" ಎಂದು ನಕ್ಕಿದ್ದಳು.

"ಇಪ್ಪತ್ತನಾಲ್ಕು ಆಗ್ಲಿ," ಅಂದ ಲ್ಯಾಂಟಿ. "ಆಗ ಒಂದೇ ಸಲ ಟೆಸ್ಟು ಕೊಡು, ಯಾವ ಬೈಕು ಬೇಕಾದ್ರೂ ಓಡ್ಸು. ಅಲ್ಲಿವರ್ಗೂ ಎಲ್ ಬೋರ್ಡ್ ಕಟ್ಕೊಂಡು ಆ ಪುಟಾಣಿ ಬೈಕಲ್ಲಿ ಕೆಲಸಕ್ಕೆ ಹೋಗ್ಬಾ."

"ಐದು ವರ್ಷ ಎಲ್ ಬೋರ್ಡಾ? ನಾನು ಹತ್ತೊಂಬತ್ತಕ್ಕೆ ಸಿಗೋ ಮಧ್ಯದ ಲೈಸೆನ್ಸು ಈಗ್ಲೇ ತಗೋತೀನಿ. ಎರಡು ವರ್ಷ ಅದರಲ್ಲಿ ಓಡಿಸ್ತೀನಿ. ಇಪ್ಪತ್ತೊಂದಕ್ಕೆ ಪೂರ್ತಿದು."

"ಅದಕ್ಕೆ ಇದೇ ಟೆಸ್ಟುಗಳನ್ನ ಮತ್ತೆ ಕೊಡ್ಬೇಕು, ಗೊತ್ತಾ? ಒಂದೇ ಬೇಲಿನ ಎರಡು ಸಲ ಹಾರೋದು. ಇಷ್ಟಕ್ಕೂ ಮಧ್ಯದ ಲೈಸೆನ್ಸಲ್ಲಿ ಅಜ್ಜಿ ಬೈಕು ಮುಟ್ಟೋ ಹಾಗಿಲ್ಲ. ಆರುನೂರೈವತ್ತು ಅದು. ಸೆಪ್ಟೆಂಬರಲ್ಲಿ ಅದನ್ನ ಕೊಳ್ಳೋ ಕಾಕರ್‌ಮತ್‌ನೋನು ಬಂದು ತಗೊಂಡೋಗ್ತಾನೆ. ನಾನು ಮಾತು ಕೊಟ್ಟಾಯ್ತು."

"ಬೈಕು ನನ್ನ ಹೆಸರಲ್ಲಿದೆ, ಲ್ಯಾಂಟಿ," ಅಂದೆ.

"ನೀನು ಸುಮ್ನಿರಪ್ಪ. ಹನ್ನೊಂದು ವರ್ಷ ಎಲ್ ಬೋರ್ಡ್ ತಿರುಗಿಸಿದ ದೊಡ್ಡ ಮನುಷ್ಯ ನೀನು."

ಅವನು ಹೇಳಿದ್ದು ಸುಳ್ಳಲ್ಲ.

ಆಗ ಎಲ್ ಬೋರ್ಡಿನವನು ಒಂಟಿ ಬೈಕಾದರೆ ಇನ್ನೂರ ಐವತ್ತರ ಮೇಲೆ ಓಡಿಸುವಂತಿರಲಿಲ್ಲ. ಆದರೆ ಪಕ್ಕಕ್ಕೆ ಮೂರನೇ ಚಕ್ರ ಕಟ್ಟಿದರೆ ಎಷ್ಟು ದೊಡ್ಡದಾದರೂ ಓಡಿಸಬಹುದಿತ್ತು. ನಾನು ದುಡಿಯುತ್ತಿದ್ದ ಅದಿರಿನ ಗಣಿಯ ಹುಡುಗರೆಲ್ಲ ಒಂದು ಕಬ್ಬಿಣದ ಚೌಕಟ್ಟು, ಮೇಲೆ ಒಂದು ಹಲಗೆ, ಹಲಗೆಯ ಮೇಲೆ ಮರಳಿನ ಮೂಟೆ ಕಟ್ಟಿ ದೊಡ್ಡ ಬೈಕು ಹತ್ತುತ್ತಿದ್ದರು. ಒಂದು ವರ್ಷ, ಎರಡು ವರ್ಷ. ಆಮೇಲೆ ಟೆಸ್ಟು ಕೊಟ್ಟು ಹಲಗೆ ಬಿಚ್ಚಿ ಒಲೆಗೆ ಹಾಕುತ್ತಿದ್ದರು. ನಾನು ಮಾತ್ರ ಬಿಚ್ಚಲಿಲ್ಲ. ಆ್ಯನಟ್ ಮೊದಲ ಸಲಕ್ಕೇ ಪಾಸಾದಳು. ಎಲ್ ಬೋರ್ಡಿನವನು ಹಿಂದೆ ಕೂರಿಸಿಕೊಳ್ಳಬೇಕಾದರೆ ಲೈಸೆನ್ಸ್ ಇದ್ದವರನ್ನೇ ಕೂರಿಸಿಕೊಳ್ಳಬೇಕು. ಹಾಗಾಗಿ ಅವಳು ಹಿಂದೆ, ನಾನು ಮುಂದೆ, ಮರಳಿನ ಮೂಟೆ ಪಕ್ಕದಲ್ಲಿ. ಎಗ್ರಮಂಟ್ ಪೇಟೆಯಲ್ಲಿ ಹೋಗುವಾಗ ಜನ ಕೂಗುತ್ತಿದ್ದರು: "ಏನೋ ಐಸಾಕ್, ಹೆಂಡ್ತಿ ಅಪ್ಪಣೆ ಕೊಟ್ಳಾ? ಮೂಟೆನಾದ್ರೂ ಪಾಸಾಯ್ತಾ?"

ಒಂದೇ ಒಂದು ಸಲ ಟೆಸ್ಟಿಗೆ ಹೋಗಿದ್ದೆ, ಬೇರೆಯವರ ಸಣ್ಣ ಬೈಕಿನಲ್ಲಿ. ಆಗಿನ ಪದ್ಧತಿ ಹೀಗೆ: ಪರೀಕ್ಷೆ ಮಾಡುವವನು ಕೈಯಲ್ಲಿ ರಟ್ಟು ಹಿಡಿದು ಬೀದಿಯ ಬದಿಯಲ್ಲಿ ನಿಂತಿರುತ್ತಾನೆ. ನಾವು ನಾಲ್ಕು ಬೀದಿ ಸುತ್ತಿ ಬರಬೇಕು. ಯಾವುದೋ ಒಂದು ಸುತ್ತಿನಲ್ಲಿ ಅವನು ತಟಕ್ಕನೆ ರಸ್ತೆಗಿಳಿದು ಕೈ ಎತ್ತುತ್ತಾನೆ. ನಾವು ನಿಲ್ಲಿಸಬೇಕು. ಎರಡು ಸುತ್ತು ಬಂದೆ. ಮೂರನೆಯದರಲ್ಲಿ ಅವನು ಕಾಲು ಮುಂದಿಡುವುದು ದೂರದಿಂದಲೇ ಕಂಡಿತು. ನಿಂತರೆ ಆಮೇಲೆ ಪ್ರಶ್ನೆ ಕೇಳುತ್ತಾನೆ, ಕಾಗದ ಕೊಟ್ಟು ಓದು ಎನ್ನುತ್ತಾನೆ. ನಾನು ಶಾಲೆ ಬಿಟ್ಟದ್ದು ಹನ್ನೊಂದನೇ ವಯಸ್ಸಿಗೆ; ಓದು ಸರಿಯಾಗಿ ಬರುತ್ತಿರಲಿಲ್ಲ. ಹಿಂದಿನ ಗಲ್ಲಿಗೆ ಬೈಕು ತಿರುಗಿಸಿ ನೇರ ಮನೆಗೆ ಬಂದೆ. ಅವನು ಕತ್ತಲಾಗುವವರೆಗೆ ಅಲ್ಲೇ ಕಾಯುತ್ತಿದ್ದ ಎಂದು ಊರಿನವರು ಕತೆ ಕಟ್ಟಿದರು.

ಊಟದ ಮರುದಿನ ಥರ್ಜಾ ನನ್ನನ್ನು ಬೈಕು ಕಲಿಸುವ ಅಂಗಳಕ್ಕೆ ಕರೆದುಕೊಂಡು ಹೋದಳು. ಅಲ್ಲಿ ಕಲಿಸುವವಳು ರಡ್ ಎಂಬ ಹೆಂಗಸು. ಮಾತು ಕಡಿಮೆ, ದನಿ ಜಾಸ್ತಿ. ಕಪ್ಪು ಬೈಕಿನ ಹಳೇ ಪುಸ್ತಕವನ್ನು ಥರ್ಜಾ ಅವಳ ಮುಂದಿಟ್ಟಳು.

"ಇಂಜಿನ್ ಗಾತ್ರ ಯಾರಿಗೆ ಬೇಕು?" ಅಂದಳು ರಡ್. "ಮಧ್ಯದ ಲೈಸೆನ್ಸಿಗೆ ಲೆಕ್ಕ ಶಕ್ತಿದು. ನಲವತ್ತೇಳು ಕುದುರೆಶಕ್ತಿ ಒಳಗಿರ್ಬೇಕು. ಇದು ನಲವತ್ತಾರು." ಆಮೇಲೆ ನನ್ನ ಕಡೆ ನೋಡಿ, "ನಿಮ್ಮ ಕಾಲದ ರಾಕ್ಷಸ ಈಗ ಮಧ್ಯಮ ತರಗತಿ, ಅಜ್ಜಾ" ಅಂದಳು.

ಥರ್ಜಾ ಅದನ್ನು ಅಪ್ಪನಿಗೆ ಹೇಳಿದ್ದು ಗಲ್ಲಿಯ ನಡುವೆ ನಿಂತು, ಅಕ್ಕಪಕ್ಕದವರಿಗೆಲ್ಲ ಕೇಳುವಂತೆ. ಲ್ಯಾಂಟಿಯ ಮುಖ ಗಣಿಯ ಮಣ್ಣಿನ ಹಾಗೆ ಕೆಂಪಾಯಿತು.

"ಸರಿ," ಅಂದ. "ಅಷ್ಟು ಸೊಕ್ಕಿದ್ರೆ ಮೊದಲನೇ ಸಲಕ್ಕೇ ಪಾಸಾಗು. ನಿನ್ನ ಅಜ್ಜಿ ಆದ ಹಾಗೆ. ಫೇಲಾದ್ಯೋ, ಅದೇ ದಿನ ಬೈಕು ನನ್ನ ಲಾರಿ ಮೇಲೆ."

"ಆಯ್ತು. ಪಾಸಾದ್ರೆ ನೀನು ಅದರ ಸುದ್ದಿಗೇ ಬರೋ ಹಾಗಿಲ್ಲ."

ಇಬ್ಬರೂ ಕೈ ಕುಲುಕಲಿಲ್ಲ. ಬಾಗಿಲು ಹಾಕಿಕೊಂಡರು. ನನ್ನನ್ನು ಯಾರೂ ಕೇಳಲಿಲ್ಲ.

ಆರು ವಾರ ಅವಳು ರಡ್ ಹತ್ತಿರ ಕಲಿತಳು. ಸಂಜೆ ಮನೆಯ ಹಿಂದಿನ ಗಲ್ಲಿಯಲ್ಲಿ ತನ್ನ ಪುಟಾಣಿ ಬೈಕಿನಲ್ಲಿ ಅಭ್ಯಾಸ; ನಾನು ಸ್ಟೂಲು ಹಾಕಿಕೊಂಡು ನೋಡುವುದು. ಇಕ್ಕಟ್ಟಾದ ಜಾಗದಲ್ಲಿ ಕಾಲು ಊರದೆ ತಿರುಗಿಸುವುದನ್ನು ನೂರು ಸಲ ಮಾಡಿದಳು. ಟೆಸ್ಟಿನ ಹಿಂದಿನ ಸಂಜೆ ನಾನೂ ಒಂದು ಮಾತು ಹೇಳಿದೆ.

"ನೋಡ್ತಾ ನಿಂತಿರೋ ಮನುಷ್ಯನ ಮುಂದೆ ಮೂವತ್ತರ ಮೇಲೆ ಹೋಗಬೇಡ. ಮೂವತ್ತು ಮೈಲಿ ದಾಟಿದ್ದಕ್ಕೇ ಎಷ್ಟೋ ಜನರನ್ನ ಫೇಲ್ ಮಾಡಿದ್ದಾರೆ."

"ರಡ್ ಮೂವತ್ನಾಲ್ಕು ತೋರಿಸ್ಬೇಕು ಅಂತಾಳೆ."

"ರಡ್ ಪಾಠ ಹೇಳೋಳು. ನಾನು ಕಣ್ಣಾರೆ ನೋಡಿರೋನು."

ಇದನ್ನು ನಾನು ಎಷ್ಟು ಧೈರ್ಯವಾಗಿ ಹೇಳಿದೆನೆಂದರೆ, ನಾನೇ ಹತ್ತು ಟೆಸ್ಟು ಪಾಸಾದವನ ಹಾಗೆ. ಅವಳು ತಲೆಯಾಡಿಸಿದಳು.

ಮರುದಿನ ಟೆಸ್ಟಿನ ಅಂಗಳದ ಬೇಲಿಯ ಹೊರಗೆ ನಿಂತು ನೋಡಿದೆ. ಅವಳು ಕಂಬಗಳ ನಡುವೆ ಹಾವಿನಂತೆ ಹೋದಳು. ಇಕ್ಕಟ್ಟಿನಲ್ಲಿ ತಿರುಗಿದಳು, ಕಾಲು ನೆಲಕ್ಕೆ ತಾಗಲಿಲ್ಲ. ಆಮೇಲೆ ದೊಡ್ಡ ಸುತ್ತು ಬಂದು ವೇಗ ಅಳೆಯುವ ಯಂತ್ರದ ಮುಂದೆ ಜೋರಾಗಿ ಹಾದು, ಒಂದು ಬದಿಗೆ ಸರಿದು ನಿಲ್ಲಿಸುವುದು. ಚೆನ್ನಾಗಿಯೇ ನಿಲ್ಲಿಸಿದಳು. ಪರೀಕ್ಷೆ ಮಾಡುವವನು ಅವಳಿಗೆ ಏನೋ ಹೇಳಿದ, ಇನ್ನೊಂದು ಸಲ ಬಾ ಎಂದು ಕೈ ತೋರಿಸಿದ. ಇನ್ನೊಂದು ಸಲ ಬಂದಳು. ಅವನು ತಲೆ ತಗ್ಗಿಸಿ ಬರೆದುಕೊಂಡ.

ಹೊರಗೆ ಬಂದವಳು ಕೈಗವಸನ್ನು ನನ್ನ ಎದೆಗೆ ಎಸೆದಳು.

"ಐವತ್ತು ಕಿಲೋಮೀಟರ್ ಬೇಕಂತೆ. ಮೊದಲನೇ ಸಲ ನಲವತ್ತಾರು. ಎರಡನೇ ಸಲ ನಲವತ್ತೇಳು. ನಿಧಾನ ಆಯ್ತು ಅಂತ ಫೇಲು, ತಾತ. ನಿಧಾನ!"

ನಮ್ಮ ರಸ್ತೆಯೆಲ್ಲ ಮೈಲಿ, ಬೈಕಿನ ಮುಳ್ಳೂ ಮೈಲಿ. ಆ ಅಂಗಳದ ಯಂತ್ರ ಮಾತ್ರ ಕಿಲೋಮೀಟರು. ಮುಳ್ಳು ಮೂವತ್ತು ಮೈಲಿ ತೋರಿಸಿದರೆ ಯಂತ್ರದಲ್ಲಿ ಐವತ್ತು ಕಿಲೋಮೀಟರು ಆಗುವುದಿಲ್ಲ. ರಡ್‌ಗೆ ಅದು ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ.

ಬರುವ ದಾರಿಯಲ್ಲೇ ಅವಳು ಅಪ್ಪನಿಗೆ ಫೋನು ಮಾಡಿ ಹೇಳಿಬಿಟ್ಟಳು. ಮನೆ ಮುಟ್ಟುವ ಹೊತ್ತಿಗೆ ಲ್ಯಾಂಟಿ ಶೆಡ್ಡಿನ ಬಾಗಿಲು ತೆಗೆದು ಲಾರಿಯ ಹಲಗೆ ಇಳಿಸಿದ್ದ. ಥರ್ಜಾ ತಾನೇ ಬೈಕಿನ ಹ್ಯಾಂಡಲ್ ಹಿಡಿದು ಮೇಲಕ್ಕೆ ತಳ್ಳಿದಳು. ಲ್ಯಾಂಟಿ ಪಟ್ಟಿ ಬಿಗಿದ.

"ನೀನೇ ಒಪ್ಪಿದ್ದು," ಅಂದ.

"ಇಲ್ಲ ಅಂದ್ನಾ? ಕಟ್ಟು. ಸರಿಯಾಗಿ ಕಟ್ಟು, ಬಿದ್ದೀತು."

ನಾನು ಗಲ್ಲಿಯ ತುದಿಗೆ ನಡೆದೆ. ಎಪ್ಪತ್ತೆಂಟರ ಕಾಲುಗಳು, ಆದರೂ ಅವನು ಲಾರಿ ತಿರುಗಿಸುವಷ್ಟರಲ್ಲಿ ಮುಟ್ಟಿದೆ. ಗೋಡೆಯ ಬದಿಯಲ್ಲಿ ನಿಂತೆ. ಲಾರಿ ಹತ್ತಿರ ಬಂತು. ರಸ್ತೆಗಿಳಿದು ಕೈ ಎತ್ತಿದೆ.

ಬ್ರೇಕು ಕಿರುಚಿತು. ಲಾರಿಯ ಮೂತಿ ನನ್ನ ಕೋಟಿನ ಗುಂಡಿಗಳಿಂದ ಒಂದು ಗೇಣು ದೂರದಲ್ಲಿ ನಿಂತಿತು.

ಲ್ಯಾಂಟಿ ಕಿಟಕಿಯಿಂದ ತಲೆ ಹೊರಗೆ ಹಾಕಿದ. "ತಲೆ ಕೆಟ್ಟಿದ್ಯಾ ನಿಂಗೆ? ಸಾಯ್ಬೇಕಾ?"

"ಇಳಿಸು."

"ಮಾತು ಅಂದ್ರೆ ಮಾತು. ಅವಳು ಫೇಲು."

"ಫೇಲಾಗಿದ್ದು ನನ್ನ ಮಾತು ಕೇಳಿ. ಮೂವತ್ತು ಅಂತ ಹೇಳಿದೋನು ನಾನು. ಅಲ್ಲದೆ ನೀವಿಬ್ರೂ ಪಣ ಕಟ್ಟಿದ್ದು ನನ್ನ ಬೈಕಿನ ಮೇಲೆ. ನಾನು ಒಪ್ಪಿರ್ಲಿಲ್ಲ."

"ಕೈ ಎತ್ತಿದೋನನ್ನ ಕಂಡು ಓಡಿ ಬಂದೋನು ನೀನು. ಇವತ್ತು ನನ್ನ ಮುಂದೆ ಕೈ ಎತ್ತೋದಾ?"

"ಹೌದು."

ಇಂಜಿನ್ ಗುರುಗುಡುತ್ತಲೇ ಇತ್ತು. ಎದುರು ಮನೆಯವರು ಹೊರಗೆ ಬಂದು ನಿಂತರು. ನಾನು ಎತ್ತಿದ ಕೈ ಇಳಿಸಲಿಲ್ಲ. ಕೊನೆಗೆ ಅವನು ಕೆಳಗಿಳಿದು ಪಟ್ಟಿ ಬಿಚ್ಚಿ ನೆಲಕ್ಕೆಸೆದ. ಬೈಕು ಮುಟ್ಟಲಿಲ್ಲ. ಥರ್ಜಾ ಮತ್ತು ನಾನು ಇಳಿಸಿಕೊಂಡೆವು.

"ಕಾಕರ್‌ಮತ್‌ನೋನಿಗೆ ನೀನೇ ಉತ್ತರ ಹೇಳು," ಅಂದ. "ನಾಳೆ ಇವಳನ್ನ ಹಾರ್ಡ್‌ನಾಟಿಂದ ಕೆರೆದು ತರೋಕೆ ನನ್ನ ಕರೀಬೇಡ."

ಬೈಕು ತಳ್ಳುತ್ತ ಥರ್ಜಾ ಅಂದಳು, "ಇನ್ಮೇಲೆ ನಂಗೇನೂ ಹೇಳಿಕೊಡ್ಬೇಡ ತಾತ."

"ಇಲ್ಲ."

"ಒಂದು ಮಾತೂ."

"ಇಲ್ಲ ಅಂದ್ನಲ್ಲ."

ಮತ್ತೆ ಟೆಸ್ಟಿಗೆ ಹೋದಾಗ ಯಂತ್ರ ಐವತ್ತಮೂರು ತೋರಿಸಿತಂತೆ. ಆಮೇಲೆ ರಸ್ತೆಯ ಟೆಸ್ಟೂ ಪಾಸಾಯಿತು. ನನಗೆ ಹೇಳಿದವಳು ರಡ್, ಥರ್ಜಾ ಅಲ್ಲ. ಇಪ್ಪತ್ತೊಂದಕ್ಕೆ ಎರಡನ್ನೂ ಮತ್ತೆ ಕೊಡಬೇಕು. ಕೊಡುತ್ತಾಳೆ.

ಲ್ಯಾಂಟಿ ನನ್ನ ಮನೆಯ ಊಟಕ್ಕೆ ಬರುವುದಿಲ್ಲ. ಭಾನುವಾರ ಬೆಳಿಗ್ಗೆ ಮಾತ್ರ ಲಾರಿಯನ್ನು ಗಲ್ಲಿಗೆ ಅಡ್ಡ ನಿಲ್ಲಿಸುತ್ತಾನೆ, ಗೋಡೆಗೂ ಲಾರಿಗೂ ನಡುವೆ ಒಂದು ಬಾಗಿಲಿನಷ್ಟು ಸಂದಿ ಬಿಟ್ಟು. ಲಾರಿಯ ಕಿಟಕಿಯಲ್ಲಿ ಕೂತು ಅವಳ ಕಾಲನ್ನೇ ನೋಡುತ್ತಾನೆ. ಅವಳು ಆ ಕಪ್ಪು ಬೈಕನ್ನು ನಿಧಾನವಾಗಿ ಸಂದಿಯೊಳಗೆ ತಿರುಗಿಸಿ ಹೊರಬೀಳುತ್ತಾಳೆ. ಇಲ್ಲಿಯವರೆಗೆ ಕಾಲು ಊರಿಲ್ಲ.