ಟಿಕೆಟ್ಟಿನ ಹಿಂಬದಿ

ಬಸ್ ಟಿಕೆಟ್ಟನ್ನು ತಿರುಗಿಸಿ ನೋಡುವ ಜನ ಹೊಳಲ್ಕೆರೆಯಲ್ಲಿ ಹಿಂದೆ ಇರಲಿಲ್ಲ. ಹೆಚ್ಚೆಂದರೆ ಅದರಲ್ಲಿ ಕಿವಿ ಕೆರೆದುಕೊಂಡು, ಇಳಿಯುವಾಗ ಎಸೆದು ಹೋಗುತ್ತಿದ್ದರು. ಈಗ ಅದರ ಬೆನ್ನಿಗೆ ಬಣ್ಣ ಬಂದಿತ್ತು. ದುರ್ಗದ ಬಸ್ ಸ್ಟ್ಯಾಂಡಿನ ಎದುರು ಹೊಸದಾಗಿ ತೆರೆದ ಬರ್ಗರ್ ಅಂಗಡಿಯವರು ಖಾಸಗಿ ಬಸ್ಸಿನ ಮಾಲೀಕರನ್ನು ಹಿಡಿದು, ಟಿಕೆಟ್ ಅಚ್ಚು ಹಾಕಿಸುವ ಖರ್ಚನ್ನು ತಾವೇ ವಹಿಸಿಕೊಂಡಿದ್ದರು. ಹಿಂಬದಿಯಲ್ಲಿ ಕೆನ್ನೆ ಉಬ್ಬಿಸಿ ನಗುವ ಹುಡುಗ ಹುಡುಗಿ. ಕೆಳಗೆ, ಕಾಲೇಜು ಮಕ್ಕಳು ಐದು ಟಿಕೆಟ್ ತಂದರೆ ಬರ್ಗರ್, ಕೋಲಾ ಪುಕ್ಕಟೆ ಎಂಬ ಒಕ್ಕಣೆ. ಪುಕ್ಕಟೆ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಎನ್ನುವ ವಯಸ್ಸು ಅದು.

ಕಂಡಕ್ಟರ್ ರಾಜಶೇಖರನ ಮಗಳು ಕಾವ್ಯ ಅದೇ ಬಸ್ಸಿನಲ್ಲಿ ದುರ್ಗದ ಕಾಲೇಜಿಗೆ ಹೋಗುತ್ತಿದ್ದಳು. ಟ್ರಿಪ್ ಮುಗಿದ ಮೇಲೆ ರಾಜಶೇಖರ ಸೀಟಿನಡಿ ಬಿದ್ದ ಟಿಕೆಟ್‌ಗಳನ್ನು ಹೆಕ್ಕಿ, ಧೂಳು ಒರೆಸಿ, ಖಾಕಿ ಅಂಗಿಯ ಜೇಬಿಗೆ ತುಂಬಿಕೊಂಡು ಬರುವನು. ಸಂಜೆ ಅಂಗಿ ಗೂಟಕ್ಕೆ ಬಿದ್ದದ್ದೇ ತಡ, ಮಗಳ ಕೈ ಆ ಜೇಬಿಗೆ. ಗೆಳತಿಯರಿಗೆ ಹಂಚುತ್ತೇನೆ ಎನ್ನುತ್ತಿದ್ದಳು. ಅವನು ನಂಬಿದ್ದ.

ನಂಬದೆ ಇನ್ನೇನು? ಬೇಸಿಗೆಯಲ್ಲಿ ಅವಳಿಗೆ ಸುಸ್ತೆಂದು ರಕ್ತ ಪರೀಕ್ಷೆ ಮಾಡಿಸಿದಾಗ ಡಾಕ್ಟರು, ಸಕ್ಕರೆ ಕಾಯಿಲೆ ಹೊಸ್ತಿಲಲ್ಲಿ ನಿಂತಿದೆ, ಮನೆ ಊಟ ಬಿಟ್ಟರೆ ಒಳಗೇ ಬರುತ್ತದೆ ಎಂದಿದ್ದರು. ಆ ಮನೆಗೆ ಅದನ್ನು ಬಿಡಿಸಿ ಹೇಳಬೇಕಿರಲಿಲ್ಲ. ರಾಜಶೇಖರನ ತಾಯಿ ಮರುಳಸಿದ್ದಮ್ಮ ಅದೇ ಕಾಯಿಲೆಗೆ ಒಂದು ಪಾದ ಕೊಟ್ಟು ಪಡಸಾಲೆ ಹಿಡಿದಿದ್ದರು. ಡಾಕ್ಟರು ಹೇಳಿದಂದಿನಿಂದ ಹೆಂಡತಿ ರೇಣುಕಾ ಕೋಳಿ ಕೂಗುವ ಮುಂಚೆ ಎದ್ದು ರಾಗಿ ರೊಟ್ಟಿ, ಸೊಪ್ಪಿನ ಪಲ್ಯದ ಬುತ್ತಿ ಕಟ್ಟುತ್ತಿದ್ದಳು. ಡಬ್ಬಿ ಖಾಲಿಯಾಗಿ ಬಂದ ದಿನ ಅವಳಿಗೆ ಹಬ್ಬ.

ಒಂದು ದಿನ ದುರ್ಗದ ಸ್ಟ್ಯಾಂಡಿನಲ್ಲಿ ಹೂ ಮಾರುವ ಮುದುಕಿ ಈರಕ್ಕ ರಾಜಶೇಖರನನ್ನು ಕರೆದು, ನಿನ್ನ ಮಗಳು ದಿನಾ ತನ್ನ ಬುತ್ತಿ ನನಗೇ ಕೊಡುತ್ತಾಳೆ ಎಂದು ಹೊಗಳಿದಳು. ಅವನ ಎದೆ ಉಬ್ಬಿತು. ದಾಸೋಹದ ಮನೆತನ ಅವರದು. ಅವನ ಅಜ್ಜ ಮಠದ ಪಂಕ್ತಿಯಲ್ಲಿ ಜೀವಮಾನವಿಡೀ ಬಡಿಸಿದವನು. ಹಸಿದವರಿಗೆ ಇಕ್ಕಿ ತಾನು ಉಪವಾಸವಿರುವ ಮಗಳು ಹುಟ್ಟಿದ್ದಾಳೆಂದು ಕೇಳಿ ರೇಣುಕಾ ಕಣ್ಣೊರೆಸಿಕೊಂಡಳು. ಅಜ್ಜಿ ಮೊಮ್ಮಗಳ ಹಣೆಗೆ ವಿಭೂತಿ ಹಚ್ಚಿದರು. ಕಾವ್ಯ ತಲೆ ತಗ್ಗಿಸಿದ್ದನ್ನು ಎಲ್ಲರೂ ವಿನಯವೆಂದುಕೊಂಡರು. ಮರುದಿನದಿಂದ ಎರಡು ಡಬ್ಬಿ: ಈರಕ್ಕನಿಗೊಂದು, ಮಗಳಿಗೊಂದು.

ದೀಪಾವಳಿ ಹೊತ್ತಿಗೆ ಕಾವ್ಯ ಕೊಡಗಟ್ಟಲೆ ನೀರು ಕುಡಿಯತೊಡಗಿದಳು, ಬಸ್ಸಿನ ಕಿಟಕಿಗೆ ಒರಗಿ ತೂಕಡಿಸತೊಡಗಿದಳು. ಪರೀಕ್ಷೆ ಮಾಡಿಸಿದರೆ ಕಾಯಿಲೆ ಹೊಸ್ತಿಲು ದಾಟಿ ಒಳಗೆ ಕೂತಿತ್ತು. ರೇಣುಕಾ ತನ್ನ ಅಡುಗೆಯಲ್ಲೇ ತಪ್ಪು ಹುಡುಕಿ, ಪಲ್ಯಕ್ಕೆ ಕಾಯಿತುರಿ ಹಾಕುವುದನ್ನೂ ಬಿಟ್ಟಳು.

ಆ ವಾರವೇ ಈರಕ್ಕ ಮತ್ತೆ ಕರೆದಳು.

“ನನಗೊಂದು ಡಬ್ಬಿ ಸಾಕು ರಾಜಣ್ಣ. ಎರಡನೇದು ತಿನ್ನಾಕಾಗದೆ ನಾಯಿಗೆ ಹಾಕ್ತೀನಿ. ಅನ್ನ ಚೆಲ್ಲಿದ ಪಾಪ ನನಗ್ಯಾಕಪ್ಪ?”

ಮತ್ತೆ ಮಗಳು ಏನು ತಿನ್ನುತ್ತಾಳೆ ಎಂದು ಕೇಳಿದಾಗ ಈರಕ್ಕ ಹೂ ಕಟ್ಟುತ್ತಲೇ ಎದುರಿನ ಅಂಗಡಿಯತ್ತ ಗದ್ದ ಎತ್ತಿದಳು. ಗಾಜಿನ ಬಾಗಿಲ ಮೇಲೆ ಅದೇ ಕೆನ್ನೆ ಉಬ್ಬಿದ ನಗು. ರಾಜಶೇಖರನಿಗೆ ಈಗ ಅರ್ಥವಾಯಿತು. ಹೆಂಡತಿ ಬುತ್ತಿಯಲ್ಲಿ ಮದ್ದು ಕಟ್ಟುತ್ತಿದ್ದರೆ ತಾನು ಜೇಬಿನಲ್ಲಿ ವಿಷ ತಂದಿದ್ದ, ಅದೂ ಧೂಳು ಒರೆಸಿ.

ಸಂಜೆ ಕಾವ್ಯ ಜೇಬಿಗೆ ಕೈ ಹಾಕಿದರೆ ಏನೂ ಇರಲಿಲ್ಲ. ಇನ್ನು ತರುವುದಿಲ್ಲ, ಈರಕ್ಕ ಎಲ್ಲ ಹೇಳಿದಳು ಎಂದ. ಅವಳು ಅಡುಗೆಮನೆಯತ್ತ ನೋಡಿ ದನಿ ತಗ್ಗಿಸಿದಳು.

“ಎಲ್ರೂ ಅಲ್ಲೇ ಕುಂತಿರ್ತಾರಪ್ಪ. ನಾನೊಬ್ಳೇ ರೊಟ್ಟಿ ಬಿಚ್ಚಾಕೆ ನಾಚ್ಕೆ ಆಗ್ತೈತೆ. ಬಿಡಾಕೆ ನೋಡ್ದೆ, ಆಗ್ಲಿಲ್ಲ. ನೀನು ತರದಿದ್ರೂ ಟಿಕೆಟ್ ಸಿಗ್ತಾವೆ.”

ಹೇಗೆ ಸಿಗುತ್ತವೆಂದು ಮರುದಿನ ಬೆಳಿಗ್ಗೆ ಕಂಡ. ದುರ್ಗದಲ್ಲಿ ಬಸ್ ನಿಂತಾಗ, ಇಳಿಯುವವರು ಒಬ್ಬೊಬ್ಬರೂ ಅವಳ ಕೈಗೆ ಟಿಕೆಟ್ ಇಟ್ಟು ಇಳಿದರು. ಎಲ್ಲ ಪರಿಚಯದ ಮುಖಗಳು, ನಮ್ಮ ಕಂಡಕ್ಟರ ಮಗಳೆಂಬ ಅಕ್ಕರೆ. ಎಲ್ಲವೂ ಅವನೇ ಹರಿದು ಕೊಟ್ಟವು. ಬೇಡ ಎನ್ನಲು ಕಾರಣ ಹೇಳಬೇಕು. ಹೇಳಿದರೆ ಸಂಜೆಯೊಳಗೆ ಊರಿಗೆಲ್ಲ ಸುದ್ದಿ. ನಾಳೆ ಹೆಣ್ಣು ನೋಡಲು ಹೊಸ್ತಿಲು ತುಳಿಯುವವರು ಯಾರು?

ಅಡಿಕೆ ಮಂಡಿಯ ಕೆಂಚಪ್ಪ ಜೇಬು ತಡಕಿ, ತನ್ನ ಟಿಕೆಟ್ ಕಾಣದೆ ರಾಜಶೇಖರನತ್ತ ತಿರುಗಿದ.

“ಇನ್ನೊಂದು ಹರ್ದು ಕೊಡಪ್ಪ, ನಿನ್ನ ಮಗಳಿಗೇ ಅಲ್ವ.”

ಅಪ್ಪ ಬಾಯಿ ತೆರೆಯುವುದನ್ನು ಕಂಡು ಕಾವ್ಯ ಹೇಳಬೇಡವೆಂದು ತಲೆಯಾಡಿಸಿದಳು.

“ಯಾರೂ ಕೊಡಬ್ಯಾಡ್ರಿ,” ಎಂದ ರಾಜಶೇಖರ. “ನನ್ನ ಮಗಳಿಗೆ ಸಕ್ಕರೆ ಕಾಯಿಲೆ ಐತೆ.”

ಚಾಚಿದ್ದ ಕೈಗಳು ಹಿಂದೆ ಸರಿದವು. ಕಾವ್ಯ ಅಪ್ಪನ ಮುಖ ನೋಡದೆ ಇಳಿದು ಹೋದಳು. ಎರಡೂ ಡಬ್ಬಿ ಸೀಟಿನ ಮೇಲೆಯೇ ಇದ್ದವು.